ಕಸದ ಗಾಡಿಗೆ ತಿಪ್ಪೆ ಅಡ್ಡ

ಊರು ಚೊಕ್ಕ ಮಾಡೋಣವೆಂದು ನಾನು ಪೊರಕೆ ಮುಟ್ಟಿದ್ದೇ ತಡ, ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ನಾನು ಗ್ರಾಮ ಪಂಚಾಯಿತಿ ಕಾರ್ಯದರ್ಶಿ. ಸಂಜೆ ಹರದನಹಳ್ಳಿಯಲ್ಲಿ ಬಸ್ಸಿಳಿದು ಮನೆಗೆ ಹೋದರೆ ನಮ್ಮ ಯಜಮಾನರು "ಇವತ್ತೇನಾದ್ರೂ ಆಯ್ತಾ?" ಎಂದು ಕೇಳುವುದೇ ಇಲ್ಲ. ನೇರವಾಗಿ "ಇವತ್ತೇನಾಯ್ತು?" ಎಂದೇ ಕೇಳುತ್ತಾರೆ. ಅವರಿಗೆ ಅಷ್ಟು ನಂಬಿಕೆ.

ಈಗ ಹೇಳುವುದು ಮೊನ್ನೆ ಮೊನ್ನೆಯ ಯುಗಾದಿಗೆ ಮುಂಚಿನ ಸ್ವಚ್ಛತಾ ಅಭಿಯಾನದ್ದು. ನಾನು ಕೆಲಸ ಮಾಡುವ ಊರು ಗುಂಡ್ಲುಪೇಟೆಯಿಂದ ಗೋಪಾಲಸ್ವಾಮಿ ಬೆಟ್ಟದ ಕಡೆಗೆ ಹೋಗುವ ದಿಕ್ಕಿನಲ್ಲಿದೆ. ಹೆಸರು ಬೇಡ, ನಾಳೆ ನಾನು ಅಲ್ಲಿಗೇ ಹೋಗಬೇಕು. ನಮಗೊಂದು ಕಸದ ಗಾಡಿ ಮಂಜೂರಾಗುವುದರಲ್ಲಿತ್ತು. ಆದರೆ ಮೇಲಿನ ಕಚೇರಿಯಿಂದ ಒಬ್ಬ ಸಾಹೇಬರು ಬಂದು ಊರನ್ನು ನೋಡಿ, ಎಲ್ಲೂ ಕಸದ ರಾಶಿ ಇಲ್ಲ ಎಂದು ಬರೆದುಕೊಟ್ಟರೆ ಮಾತ್ರ ಗಾಡಿ. ಇಲ್ಲದಿದ್ದರೆ ಅದು ಪಕ್ಕದ ಪಂಚಾಯಿತಿಗೆ.

ಗಾಡಿ ಬಂದರೆ ಓಡಿಸುವವಳು ಯಾರೆಂಬುದು ಮೊದಲೇ ತೀರ್ಮಾನವಾಗಿತ್ತು. ಸ್ತ್ರೀಶಕ್ತಿ ಸಂಘದ ಒಬ್ಬ ಹೆಣ್ಣುಮಗಳು ಚಾಮರಾಜನಗರಕ್ಕೆ ಓಡಾಡಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಿದ್ದಳು. ಅಲ್ಲಿಯವರೆಗೆ ಬಾಳೆತೋಟದ ಕೂಲಿಗೆ ಹೋಗುತ್ತಿದ್ದವಳು. ಲೈಸೆನ್ಸ್ ಬಂದ ದಿನವೇ ಸೀರೆಯ ಮೇಲೆ ತೊಡಲು ಖಾಕಿ ಅಂಗಿ ಹೊಲಿಸಿಕೊಂಡಳು. ಊರು ಅವಳನ್ನು ಡ್ರೈವರಮ್ಮ ಎಂದು ಕರೆಯತೊಡಗಿತು. ಅಂಗಿ ಇತ್ತು, ಲೈಸೆನ್ಸ್ ಇತ್ತು, ಬಿರುದೂ ಇತ್ತು. ಗಾಡಿಯೊಂದು ಇರಲಿಲ್ಲ. ಅವಳ ಗಂಡ ಮಾತ್ರ ದಿನಾ ಬೆಳಿಗ್ಗೆ, "ಡ್ರೈವರಮ್ಮೋರೆ, ಗಾಡಿ ಎಲ್ಲಿ ನಿಲ್ಲಿಸಿದ್ದೀರಿ?" ಎಂದು ಚುಡಾಯಿಸುತ್ತಿದ್ದ. ಅವಳು ಎಲ್ಲರ ಮುಂದೆ ನಕ್ಕು ನನ್ನ ಆಫೀಸಿಗೆ ಬಂದು ಅಳುತ್ತಿದ್ದಳು. ಆ ಗಾಡಿ ಹೇಗಾದರೂ ಬರಲೇಬೇಕೆಂದು ನಾನು ಹಟ ಹಿಡಿದದ್ದು ಅವಳಿಗೋಸ್ಕರ.

೧. ಗುಡಿಸಲು ಜಾಗವಿಲ್ಲ

ಅಭಿಯಾನದ ಉದ್ಘಾಟನೆ ಅಂದರೆ ಪಂಚಾಯಿತಿ ಅಧ್ಯಕ್ಷರು ಹೊಸ ಪೊರಕೆ ಹಿಡಿದು ನಾಲ್ಕು ಸಲ ಬೀದಿ ಗುಡಿಸುವುದು, ಫೋಟೋ ತೆಗೆಯುವುದು, ಕಾಫಿ ಕುಡಿಯುವುದು. ಬೆಳಿಗ್ಗೆ ಎಂಟಕ್ಕೆ ಅರಳಿಕಟ್ಟೆ ಮುಂದೆ ಎಂದು ಹಿಂದಿನ ದಿನ ಡಂಗುರ ಹೊಡೆಸಿದ್ದೆ. ನಾವು ಹೋಗಿ ನೋಡಿದರೆ ಅರಳಿಕಟ್ಟೆಯ ಮುಂದೆ ಬೀದಿಯಗಲದ ರಂಗೋಲಿ. ಅಧ್ಯಕ್ಷರು ಬರುತ್ತಾರೆಂದು ಹೆಂಗಸರು ಕೋಳಿ ಕೂಗುವ ಹೊತ್ತಿಗೇ ಎದ್ದು, ಗುಡಿಸಿ, ಸಗಣಿ ನೀರು ಚಿಮುಕಿಸಿ, ಬಣ್ಣ ತುಂಬಿ ರಂಗೋಲಿ ಬಿಟ್ಟಿದ್ದರು.

ಅಧ್ಯಕ್ಷರು ಎತ್ತಿದ ಪೊರಕೆಯನ್ನು ಹಾಗೇ ಇಳಿಸಿದರು. "ಬೆಳಿಗ್ಗೆ ಬೆಳಿಗ್ಗೇನೆ ಮುತ್ತೈದೇರು ಬುಟ್ಟಿರೊ ರಂಗೋಲಿ ಮ್ಯಾಲೆ ಪೊರ್ಕೆ ಆಕದ? ನಮ್ಮವ್ವ ನನ್ನ ಮನೆಗೆ ಸೇರ್ಸದಿಲ್ಲ ಕಣಮ್ಮ. ಬೇರೆ ಜಾಗ ತೋರ್ಸಿ."

ಸರಿ, ಮೇಲಿನ ಬೀದಿಗೆ ಹೊರಟೆವು. ಅಧ್ಯಕ್ಷರು ಈ ಕಡೆ ಬರುತ್ತಿದ್ದಾರೆಂಬ ಸುದ್ದಿ ನಮಗಿಂತ ಮುಂಚೆ ತಲುಪಿತು. ನಾವು ತಿರುವು ದಾಟುವಷ್ಟರಲ್ಲಿ ಅಲ್ಲಿನ ಹೆಂಗಸರು ಬಗ್ಗಿ ಎಳೆಯುತ್ತಿದ್ದರು. ಕೆಳಗಿನ ಬೀದಿಗೆ ಹೋದೆವು. ಅಲ್ಲಿ ಚುಕ್ಕಿ ಇಟ್ಟಾಗಿತ್ತು. ಬಾವಿ ಹತ್ತಿರ ಸ್ವಲ್ಪ ಜಾಗ ಬರಿದಾಗಿ ಕಂಡಿತೆಂದು ಅಧ್ಯಕ್ಷರು ಪೊರಕೆ ಹಿಡಿದು ಓಡಿದರು. ಒಬ್ಬ ಹುಡುಗಿ ರಂಗೋಲಿ ಡಬ್ಬಿ ಹಿಡಿದು ಅವರಿಗಿಂತ ಜೋರಾಗಿ ಓಡಿದಳು. ಅವಳೇ ಗೆದ್ದಳು.

"ನಿಲ್ಸಿ ಕಣ್ರವ್ವ, ನಿಮ್ ದಮ್ಮಯ್ಯ ಅಂತಿನಿ!" ಎಂದು ಅಧ್ಯಕ್ಷರು ಕೈಮುಗಿದರು.

"ಬುಡಿ ಅಧ್ಯಕ್ಷರೆ, ನಮ್ ಬೀದಿಗೆ ದಿನಾ ಬತ್ತಿರ?" ಎಂದು ಒಬ್ಬಾಕೆ ಇನ್ನೊಂದು ಎಳೆ ಎಳೆದಳು.

ಕೊನೆಗೆ ಇಡೀ ಊರು ಸುತ್ತಿ ಬೆವರಿಳಿಸಿಕೊಂಡು ಅಧ್ಯಕ್ಷರು ಉದ್ಘಾಟನೆ ಮಾಡಿದ್ದು ನಮ್ಮ ಪಂಚಾಯಿತಿ ಆಫೀಸಿನೊಳಗೆ. ಅಲ್ಲಿ ರಂಗೋಲಿ ಇರಲಿಲ್ಲ. ಕಸ ಬೇಕಾದಷ್ಟಿತ್ತು.

೨. ಮದುವೆ ಮನೆಯ ಬಕೀಟು

ಮನೆಗೆರಡು ಬಕೀಟು ಹಂಚಿದೆವು. ಹಸಿರು ಬಕೀಟಿಗೆ ಹಸಿ ಕಸ, ನೀಲಿ ಬಕೀಟಿಗೆ ಒಣ ಕಸ. ಯಾರೂ ಮರೆಯದಿರಲಿ ಎಂದು ಬಕೀಟಿನ ಮೇಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ.

ವಾರ ಬಿಟ್ಟು ನಾನೂ ಡ್ರೈವರಮ್ಮನೂ ಮನೆಮನೆ ನೋಡಲು ಹೋದೆವು. ಒಂದು ಮನೆಯಲ್ಲಿ ಹಸಿರು ಬಕೀಟು ಬಚ್ಚಲಲ್ಲಿತ್ತು. ಇನ್ನೊಂದರಲ್ಲಿ ನೀಲಿ ಬಕೀಟಿನ ತುಂಬ ಹುರುಳಿಕಾಳು. ಮತ್ತೊಂದರಲ್ಲಿ ಎರಡೂ ಬಕೀಟು ಪ್ಲಾಸ್ಟಿಕ್ ಕವರಿನ ಸಮೇತ ಅಟ್ಟದ ಮೇಲೆ.

"ಯಾಕಮ್ಮ ಹಾಗಿಟ್ಟಿದ್ದೀರಿ?" ಎಂದೆ.

"ಇಷ್ಟು ಚೆಂದಾಗಿರ ಬಕೀಟ್ಗ ಯಾರಾದ್ರೂ ಕಸ ಆಕಾರ? ಮಗಳು ಬಾಣಂತನಕ್ಕ ಬತ್ತಳ, ಓಗವಾಗ ಕೊಟ್ಟು ಕಳುಸ್ತಿನಿ."

"ಹಾಗಾದ್ರೆ ಕಸ ಎಲ್ಲಿ ಹಾಕ್ತೀರಿ?"

"ಕಸ ಎಲ್ಲದ ಕಣವ್ವ ನಮ್ಮನೇಲಿ? ಸಿಪ್ಪೆ ಮೇಕೆ ತಿಂತದ, ಅಕ್ಕಚ್ಚು ಎಮ್ಮೆ ಕುಡಿತದ, ಉಳಿದಿದ್ದು ತಿಪ್ಪೆಗೋಯ್ತದ. ನೀವೇ ಒಸಿ ಕಸ ತಂದ್ಕೊಡಿ, ಆಕ್ತಿನಿ."

ನಾನು ಪಟ್ಟಿಯಲ್ಲಿ 'ಕಸವಿಲ್ಲ' ಎಂದು ಬರೆದುಕೊಂಡು ಮುಂದಿನ ಮನೆಗೆ ನಡೆದೆ.

ಅದೇ ವಾರ ಊರಿನಲ್ಲೊಂದು ಮದುವೆ. ಭೀಮನಬೀಡಿನ ಬೀಗರು ಬಂದಿದ್ದರು. ನನ್ನನ್ನೂ ಬೀಗರ ಸಾಲಿನಲ್ಲೇ ಕೂರಿಸಿ ಎಲೆ ಹಾಕಿದರು. ಅನ್ನ ಬಂತು. ಸಾಂಬಾರ್ ಎಂದು ಕೂಗುತ್ತಾ ಒಬ್ಬ ಬಂದ. ಅವನ ಕೈಯಲ್ಲಿ ನನ್ನ ಹಸಿರು ಬಕೀಟು. 'ಹಸಿ ಕಸ' ಎಂಬ ನನ್ನ ದಪ್ಪ ಅಕ್ಷರ ಬೀಗರ ಮೂಗಿನ ನೇರಕ್ಕೇ ಇತ್ತು. ಬೀಗರು ಓದಿದರು. ನನ್ನ ಮುಖ ನೋಡಿದರು. ನಾನು ಎಲೆ ನೋಡಿದೆ. ಬಡಿಸುವವನು ಸಂಕೋಚ ಬೇಡವೆಂದು ಇನ್ನೊಂದು ಸೌಟು ಹಾಕಿದ.

ಅವನ ಹಿಂದೆಯೇ ಇನ್ನೊಬ್ಬ ಬಂದ. ಅವನ ಕೈಯಲ್ಲಿ ನೀಲಿ ಬಕೀಟು, 'ಒಣ ಕಸ'. ಅದರ ತುಂಬ ಹಪ್ಪಳ.

ಏನೇ ಹೇಳಿ, ವಿಂಗಡಣೆ ಮಾತ್ರ ಸರಿಯಾಗಿಯೇ ಮಾಡಿದ್ದರು.

೩. ಸೀಟಿ ಊದಿದ ಬೆಳಿಗ್ಗೆ

ಗಾಡಿ ಬರುವ ಮುಂಚೆ ಜನಕ್ಕೆ ರೂಢಿಯಾಗಲಿ ಎಂದು ಡ್ರೈವರಮ್ಮ ತಳ್ಳುಗಾಡಿಯಲ್ಲೇ ಕಸ ಎತ್ತಲು ಶುರು ಮಾಡಿದಳು. ತಿರುವಿನಲ್ಲಿ ಕೈ ತೋರಿಸುವಳು, ಹಿಂದಕ್ಕೆ ತಳ್ಳುವಾಗ ಹೆಗಲ ಮೇಲಿಂದ ತಿರುಗಿ ನೋಡುವಳು. ಎಲ್ಲ ಕಲಿತಂತೆಯೇ. ಕೂಗಿ ಕೂಗಿ ಗಂಟಲು ಕಟ್ಟಿತೆಂದಾಗ ನಾನೇ ಗುಂಡ್ಲುಪೇಟೆ ಸಂತೆಯಿಂದ ಒಂದು ಸೀಟಿ ತಂದುಕೊಟ್ಟೆ. ತಪ್ಪು ನನ್ನದೇ. ಹರದನಹಳ್ಳಿಯವಳಿಗೆ ಕಾಡಂಚಿನ ಊರಿನ ಸೀಟಿಯ ಬೆಲೆ ಏನು ಗೊತ್ತು?

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವಳು ಅರಳಿಕಟ್ಟೆ ಹತ್ತಿರ ನಿಂತು ಹೊಸ ಹುರುಪಿನಲ್ಲಿ ಊರಿನ ರೂಢಿ ಮರೆತು, ಎದೆ ತುಂಬ ಉಸಿರೆಳೆದು ಸೀಟಿ ಊದಿದಳು. ಆ ಊರಿನಲ್ಲಿ ಸೀಟಿ ಊದುವುದು ಒಂದೇ ಕಾರಣಕ್ಕೆ. ಬಾಳೆತೋಟಕ್ಕೆ ಆನೆ ಇಳಿದಾಗ ಅರಣ್ಯದ ವಾಚರ್ ಊದುತ್ತಾನೆ. ಬಾಗಿಲುಗಳೆಲ್ಲ ದಡದಡ ಮುಚ್ಚಿದವು. ತಾರಸಿ ಇದ್ದವರು ತಾರಸಿ ಹತ್ತಿದರು. ನಮ್ಮ ನೀರುಗಂಟಿ, ಅಂದರೆ ಊರಿಗೆ ನೀರು ಬಿಡುವವನು, ಟ್ಯಾಂಕಿನ ಏಣಿ ಹಿಡಿದು ಮೇಲಕ್ಕೆ ಹೋದವನು ಅಲ್ಲಿಂದಲೇ ಕೂಗಿದ:

"ಎಷ್ಟವೆ?"

"ಎಷ್ಟಾದ್ರೂ ಇರ್ಲಿ, ತಂದು ಆಕಿ!" ಎಂದಳು ಡ್ರೈವರಮ್ಮ.

"ಆನೇನ?"

ಅವನನ್ನು ಕೆಳಗಿಳಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ನಾನು ಮನೆಮನೆಗೆ ಹೋಗಿ, ಇನ್ನು ಮೇಲೆ ಸೀಟಿ ಅಂದರೆ ಕಸ, ಹೆದರಬೇಡಿ, ಬಕೀಟು ಹಿಡಿದು ಹೊರಗೆ ಬನ್ನಿ ಎಂದು ಬಾಯಿಪಾಠ ಮಾಡಿಸಿದೆ. ಜನ ಕಲಿತರು. ಎಷ್ಟು ಚೆನ್ನಾಗಿ ಕಲಿತರೆಂದರೆ, ಮುಂದಿನ ವಾರ ನಿಜವಾಗಿಯೂ ಆನೆ ಇಳಿದು ವಾಚರ್ ಸೀಟಿ ಊದಿಕೊಂಡು ಓಡಿಬಂದಾಗ, ಅರ್ಧ ಊರು ಬಕೀಟು ಹಿಡಿದು ಬಾಗಿಲಲ್ಲಿ ನಿಂತಿತ್ತು.

ಪುಣ್ಯಕ್ಕೆ ಆನೆ ತೋಟದಿಂದಲೇ ವಾಪಸಾಯಿತು. ಬಾಳೆಗೊನೆ ಸಿಕ್ಕಿದ ಮೇಲೆ ಅದಕ್ಕೆ ನಮ್ಮ ಕಸ ಯಾಕೆ?

೪. ಬಸ್‌ಸ್ಟಾಪಿನ ಲಕ್ಷ್ಮಿ

ಇಷ್ಟೆಲ್ಲ ಆದರೂ ಊರು ಚೊಕ್ಕವಾಗುತ್ತಾ ಬಂದಿತ್ತು. ಉಳಿದದ್ದು ಒಂದೇ. ಬಸ್‌ಸ್ಟಾಪಿನ ಪಕ್ಕ, ಸಾಹೇಬರ ಜೀಪು ನಿಲ್ಲುವ ಜಾಗದಲ್ಲೇ, ಒಬ್ಬ ಅಜ್ಜಿಯ ತಿಪ್ಪೆ. ಸಣ್ಣದಲ್ಲ, ಅವರ ಅತ್ತೆಯ ಕಾಲದಿಂದ ಅಲ್ಲೇ ಇರುವ ತಿಪ್ಪೆ. ಸಗಣಿ, ಬೂದಿ, ದನ ತಿಂದು ಬಿಟ್ಟ ಹುಲ್ಲು, ಎಲ್ಲ ಕೊಳೆತು ಗೊಬ್ಬರವಾಗಿ, ವರ್ಷಕ್ಕೊಮ್ಮೆ ಹೊಲ ಸೇರುತ್ತಿತ್ತು.

"ಅಜ್ಜಿ, ಶುಕ್ರವಾರ ಸಾಹೇಬರು ಬರ್ತಾರೆ. ಅಷ್ಟರೊಳಗೆ ಹೊಲಕ್ಕೆ ಹೊಡೆಸಿಬಿಡಿ," ಎಂದೆ.

"ಹೊಡುಸ್ತಿನಿ ಕಣವ್ವ. ಗಾಡಿ ಯಾರದು?"

ನೀರುಗಂಟಿ ಬುಧವಾರ ಟ್ರಾಕ್ಟರ್ ತರುತ್ತೇನೆಂದು ಎದೆ ತಟ್ಟಿ ಹೇಳಿದ. ಬುಧವಾರ ಟ್ರಾಕ್ಟರ್ ಬರಲಿಲ್ಲ. ಗುರುವಾರ ಬಂದಾಗ ದೀಪ ಹಚ್ಚುವ ಹೊತ್ತು. ಅಜ್ಜಿ ಸೊಂಟಕ್ಕೆ ಕೈಕೊಟ್ಟು ನಿಂತರು. "ದೀಪ ಹಚ್ಚ ಹೊತ್ನಲ್ಲಿ ಲಕ್ಷ್ಮೀನ ಆಚೆಗೆ ಕಳುಸ್ತಾರ?"

"ಹಾಗಾದ್ರೆ ನಾಳೆ ಬೆಳಿಗ್ಗೆ?"

"ನಾಳೆ ಸುಕ್ರವಾರ! ನೀನೇನು ಹೆಣ್ಣೆಂಗ್ಸಾ, ಏನು?"

ನಮ್ಮ ಮನೆಯಿಂದಲೂ ಶುಕ್ರವಾರ ಒಂದು ಹಿಡಿ ಉಪ್ಪು ಆಚೆಗೆ ಹೋಗುವುದಿಲ್ಲ. ದೀಪಾವಳಿಯಲ್ಲಿ ನಮ್ಮವರೂ ತಿಪ್ಪೆಗೆ ಚೆಂಡು ಹೂವಿಟ್ಟು ದೀಪ ಹಚ್ಚುತ್ತಾರೆ. ಯಾವ ಬಾಯಲ್ಲಿ ವಾದ ಮಾಡಲಿ? ಡ್ರೈವರಮ್ಮ ಮಾತ್ರ ತಿಪ್ಪೆಯನ್ನೇ ನೋಡುತ್ತಾ ನಿಂತಿದ್ದಳು. "ಅಕ್ಕ, ನನ್ ಗಾಡಿ ಇದ್ರೊಳಗೆ ಹೂತೋಯ್ತು ಕಣಕ್ಕ," ಎಂದಳು.

"ಮುಚ್ಬುಡನ ಬುಡಿ," ಎಂದ ನೀರುಗಂಟಿ. "ಟಾರ್ಪಾಲು ಒದುಸ್ಬುಟ್ರೆ ಸಾಹೇಬ್ರು ಸೌದೆ ಅನ್ಕತರೆ."

ಬೆಳಿಗ್ಗೆ ಬಸ್ಸಿಳಿದವಳೇ ತಿಪ್ಪೆಯ ಕಡೆಗೆ ಓಡಿದೆ. ಅವನಿಗೆ ಟಾರ್ಪಾಲು ಸಿಕ್ಕಿರಲಿಲ್ಲ. ಮದುವೆ ಮನೆಯಲ್ಲಿ ಉಳಿದಿದ್ದ ಶಾಮಿಯಾನದ ಹಳದಿ ಬಟ್ಟೆ ತಂದು ಹೊದಿಸಿದ್ದ. ಗಾಳಿಗೆ ಹಾರುತ್ತದೆಂದು ಸುತ್ತ ಕಲ್ಲಿಟ್ಟಿದ್ದ. ಕಲ್ಲುಗಳು ಅಸಹ್ಯವಾಗಿ ಕಂಡವೆಂದು ಸುಣ್ಣ ಬಳಿದಿದ್ದ. ಇಷ್ಟಾದ ಮೇಲೆ ಬೋಳು ಬೋಳು ಅನ್ನಿಸಿತಂತೆ, ಸಾಹೇಬರ ಸ್ವಾಗತಕ್ಕೆ ತಂದಿದ್ದ ಚೆಂಡು ಹೂವಿನ ಹಾರ ಹಾಕಿ ಮಾವಿನ ತೋರಣ ಕಟ್ಟಿದ್ದ.

"ಏನಯ್ಯ ಇದು?"

"ಚೆಂದಾಗಿಲ್ವಾ?"

ಬೈಯುವಷ್ಟರಲ್ಲಿ ಜೀಪು ಬಂತು. ಸಾಹೇಬರು ಇಳಿದರು, ನೋಡಿದರು, ಮುಖ ಗಂಭೀರವಾಯಿತು. "ಯಾವ ದೇವರು ಮೇಡಂ?"

ಪಕ್ಕದಿಂದ ಅಧ್ಯಕ್ಷರು, "ಲಕ್ಷ್ಮಿ ಸಾ," ಎಂದರು. ಹಾಗೆ ನೋಡಿದರೆ ಸುಳ್ಳೇನೂ ಅಲ್ಲ.

ಸಾಹೇಬರು ಬಗ್ಗಿ ಬೂಟಿನ ಲೇಸು ಬಿಚ್ಚಿ, ಸಾಕ್ಸು ತೆಗೆದು, ಬರಿಗಾಲಲ್ಲಿ ಹೋಗಿ ಕೈಮುಗಿದು ಕಣ್ಣು ಮುಚ್ಚಿದರು. ಊರಿನವರೂ ಕೈಮುಗಿದರು, ಸಾಹೇಬರೇ ಮುಗಿದ ಮೇಲೆ ತಾವು ಹೇಗೆ ಸುಮ್ಮನಿರುವುದು! ಅಷ್ಟರಲ್ಲಿ ಅಜ್ಜಿ ಮಂಗಳಾರತಿ ತಟ್ಟೆ ಹಿಡಿದು ಬಂದರು. ಸರ್ಕಾರವೇ ತಮ್ಮ ತಿಪ್ಪೆಗೆ ಪೂಜೆ ಇಟ್ಟುಕೊಂಡಿದೆ ಎಂದು ಅವರ ಕಣ್ಣಲ್ಲಿ ನೀರು. ಸಾಹೇಬರ ಹಣೆಗೆ ಕುಂಕುಮ ಇಟ್ಟು, "ಮೊಕ ಮುಚ್ಚಿರ ದೇವ್ರಿಗೆ ಆರ್ತಿ ಎತ್ತಾರೇನ್ರಪ್ಪ?" ಎಂದು ಹಳದಿ ಬಟ್ಟೆಯನ್ನು ಒಂದೇ ಸಲಕ್ಕೆ ಎಳೆದರು.

ಡ್ರೈವರಮ್ಮ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದಳು. ಸಾಹೇಬರು ಕಣ್ಣು ಬಿಟ್ಟರು. ಹಣೆಯಲ್ಲಿ ಕುಂಕುಮ, ಎದೆಯ ಮುಂದೆ ಮುಗಿದ ಕೈ, ಕಾಲು ಬರಿದು, ಎದುರಿಗೆ ತಿಪ್ಪೆ. ಕೈ ಇಳಿಸುವ ಹಾಗೂ ಇಲ್ಲ, ಊರೆಲ್ಲ ಮುಗಿದುಕೊಂಡೇ ನಿಂತಿದೆ. ಕೊನೆಗೆ ಸಣ್ಣ ದನಿಯಲ್ಲಿ, "ಅಜ್ಜಿ, ಇದರಲ್ಲಿ ಪ್ಲಾಸ್ಟಿಕ್ ಇದೆಯಾ?" ಎಂದು ಕೇಳಿದರು.

ಅಜ್ಜಿಗೆ ಎಲ್ಲಿಲ್ಲದ ಸಿಟ್ಟು ಬಂತು. "ದೇವ್ರೊಳಕ್ಕೆ ಯಾರಾದ್ರೂ ಪ್ಲಾಸ್ಟಿಕ್ ಆಕಾರೇನಪ್ಪ? ಕೈ ಆಕಿ ನೋಡು!"

ಸಾಹೇಬರು ಕೈ ಹಾಕಲಿಲ್ಲ. ಆರತಿ ತೆಗೆದುಕೊಂಡು ಊರೆಲ್ಲ ಸುತ್ತಿ ನೋಡಿ ಹೊರಟುಹೋದರು. ಮುಂದಿನ ವಾರ ವರದಿಯ ಪ್ರತಿ ಬಂತು. "ಓದಿ ಹೇಳಿ ಅಕ್ಕ," ಎಂದಳು ಡ್ರೈವರಮ್ಮ. ನಾನು ಜೋರಾಗಿ ಓದಿದೆ: 'ಗ್ರಾಮದಲ್ಲಿ ಎಲ್ಲಿಯೂ ಕಸದ ರಾಶಿ ಕಂಡುಬಂದಿಲ್ಲ. ಬಸ್ ನಿಲ್ದಾಣದ ಬಳಿ ಒಂದು ಪೂಜಾ ಸ್ಥಳವಿದ್ದು, ಗ್ರಾಮಸ್ಥರು ಅದನ್ನು ಪ್ಲಾಸ್ಟಿಕ್ ಮುಕ್ತವಾಗಿ ಕಾಪಾಡಿಕೊಂಡು ಬಂದಿದ್ದಾರೆ.' ನಾವಿಬ್ಬರೂ ಅಲ್ಲೇ ಆಫೀಸಿನಲ್ಲಿ ತಬ್ಬಿಕೊಂಡು ಕುಣಿದೆವು. ಕಾರ್ಯದರ್ಶಿ ಕುಣಿಯಬಾರದೆಂದು ಯಾವ ನಿಯಮದಲ್ಲೂ ಇಲ್ಲ.

ಯುಗಾದಿಗೆ ನಾಲ್ಕು ದಿನವಿರುವಾಗ, ಒಂದು ಬುಧವಾರ, ಸಾಹೇಬರೇ ಬಂದು ಡ್ರೈವರಮ್ಮನ ಕೈಗೆ ಗಾಡಿಯ ಕೀಲಿ ಕೊಟ್ಟರು. ಖಾಕಿ ಅಂಗಿಗೆ ಕೊನೆಗೂ ಅರ್ಥ ಬಂತು. ಅವಳು ನಾಲ್ಕು ಚಕ್ರಕ್ಕೂ ನಿಂಬೆಹಣ್ಣಿಟ್ಟು, ಹೊಸ ಗಾಡಿ ಹತ್ತಿ, ಇನ್ನೇನು ಹೊರಡಬೇಕು, ಅಜ್ಜಿ ಎರಡೂ ಕೈ ಚಾಚಿ ಅಡ್ಡ ನಿಂತರು.

"ಇವತ್ತು ಬುದ್ವಾರ, ಹೊತ್ತೂ ಮುಳುಗಿಲ್ಲ. ನಡಿಯಮ್ಮಿ, ಲಕ್ಷ್ಮೀನ ಹೊಲಕ್ಕೆ ಬುಟ್ಬುಟ್ಟು ಬರನ!"

ಹೀಗೆ ನಮ್ಮ ಹೊಚ್ಚ ಹೊಸ ಕಸದ ಗಾಡಿಯ ಮೊದಲ ಲೋಡು ಅಜ್ಜಿಯ ತಿಪ್ಪೆ. ತುಂಬಿದ್ದು ನೀರುಗಂಟಿ ಮತ್ತು ಡ್ರೈವರಮ್ಮನ ಗಂಡ. ಗಾಡಿ ಎಲ್ಲಿ ನಿಲ್ಲಿಸಿದ್ದೀರಿ ಎಂದು ದಿನಾ ಕೇಳುತ್ತಿದ್ದ ಆ ಗಂಡ ಈಗ ಗೊಬ್ಬರದ ಮೇಲೆ ಸಲಿಕೆ ಹಿಡಿದು ಕೂತಿದ್ದ. ಮುಂದಿನ ಸೀಟಿನಲ್ಲಿ ಅಜ್ಜಿ. ಸ್ಟಿಯರಿಂಗಿನ ಹಿಂದೆ ಡ್ರೈವರಮ್ಮ, ಅಳು ನಗು ಎರಡೂ ಒಟ್ಟಿಗೆ. ಹಾರ್ನ್ ಹೊಡೆದುಕೊಂಡು ಗಾಡಿ ಹೊರಟಿತು. ದಾರಿಯ ಎರಡೂ ಕಡೆ ಜನ ಸಾಲಾಗಿ ನಿಂತು ಕೈಮುಗಿದರು, ಅದು ಲಕ್ಷ್ಮಿಗೋ ಗಾಡಿಗೋ ಅವರಿಗೂ ಗೊತ್ತಿರಲಿಲ್ಲ.

ನಾನು ಖುಷಿಯಿಂದ ಪಕ್ಕಕ್ಕೆ ತಿರುಗಿದರೆ ಸಾಹೇಬರು ಅಲ್ಲಿಲ್ಲ. ಕೆಳಗೆ ನೋಡಿದೆ. ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದರು.

"ಸಾರ್, ಈಗಂತೂ ಅದು ತಿಪ್ಪೆ ಅಂತ ಗೊತ್ತಲ್ಲ!" ಎಂದೆ.

ಸಾಹೇಬರು ತಲೆ ಎತ್ತದೆ ಹೇಳಿದರು, "ಅದು ನನಗೂ ನಿಮಗೂ ಗೊತ್ತು ಮೇಡಂ. ಅಜ್ಜಿ ಗಾಡಿಯ ಕನ್ನಡಿಯಲ್ಲಿ ನನ್ನನ್ನೇ ನೋಡ್ತಿದ್ದಾರೆ."