ಹಿಂದಿನ ಸೀಟಿನ ತೂಕ

ಅಳತೆ ಮತ್ತು ತೂಕ ಇಲಾಖೆಯ ಇನ್ಸ್‌ಪೆಕ್ಟರಿಗೆ ಹೆಂಡತಿಯ ಪ್ರಾಮಾಣಿಕತೆಯ ಮೇಲೆ ಸಂಶಯ ಹುಟ್ಟಿದ್ದು ಮದುವೆಯಾದ ಇಪ್ಪತ್ತಾರನೆಯ ವರ್ಷದಲ್ಲಿ, ಊರು ದಾಟಿದ ಐದನೆಯ ಕಿಲೋಮೀಟರಿನಲ್ಲಿ. ಹಿಂದೆ ಕೂತ ಆಕೆ ಪೆಡಲ್ ತುಳಿಯುತ್ತಿಲ್ಲ, ತುಳಿಯುವ ಹಾಗೆ ನಟಿಸುತ್ತಿದ್ದಾಳೆ ಎಂಬುದು ಅವರ ಗಟ್ಟಿ ನಂಬಿಕೆ.

ಅದು ಒಂದು ದಿನದ ಬಾಡಿಗೆಗೆ ತಂದ, ಇಬ್ಬರು ಕೂತು ತುಳಿಯುವ ಜೋಡಿ ಸೈಕಲ್. ಮುಂದಿನ ಪೆಡಲಿನಿಂದ ಹಿಂದಿನ ಪೆಡಲಿಗೆ ಒಂದು ಚೈನು, ಅಲ್ಲಿಂದ ಚಕ್ರಕ್ಕೆ ಇನ್ನೊಂದು. ಮುಂದಿನವರು ತುಳಿದರೆ ಹಿಂದಿನ ಪೆಡಲೂ ತಾನಾಗಿ ತಿರುಗುತ್ತದೆ. ಅದರ ಮೇಲೆ ಪಾದವಿಟ್ಟು ಆರಾಮವಾಗಿ ಮೆರವಣಿಗೆ ಹೋಗಬಹುದು. ತಕ್ಕಡಿಯ ತಟ್ಟೆಗೆ ಮೇಣ ಅಂಟಿಸಿದವರನ್ನೂ ತೂಕದ ಕಲ್ಲಿನ ತಳ ಕೊರೆದವರನ್ನೂ ಹಿಡಿದಿದ್ದ ಇನ್ಸ್‌ಪೆಕ್ಟರು ಇಷ್ಟು ಅನುಕೂಲವಾದ ಮೋಸದ ಯಂತ್ರವನ್ನು ಮಾತ್ರ ಕಂಡಿರಲಿಲ್ಲ. (ಹೊರಡುವ ಮುಂಚೆ ಅವರು ಅದನ್ನೂ ತಪಾಸಣೆ ಮಾಡಿ, "ಚೈನು ಬಿಗಿ ಜಾಸ್ತಿ" ಎಂದು ತೀರ್ಪು ಕೊಟ್ಟು, ತಾವೇ ಸ್ಪ್ಯಾನರ್ ಹಿಡಿದು ಸಡಿಲ ಮಾಡಿದ್ದರು.)

"ತುಳೀತಾ ಇದ್ದೀಯೇನೇ?"

"ತುಳೀತಾನೇ ಇದ್ದೀನಿ ಕಣ್ರೀ."

"ನನಗೇನೋ ಕಾಲು ಭಾಗ ತೂಕ ಕಡಿಮೆ ಬೀಳ್ತಿದೆ."

"ಮೂವತ್ತು ವರ್ಷದಿಂದ ಹೊಲಿಗೆ ಮೆಷಿನ್ ತುಳಿದವಳು ನಾನು. ನನಗೆ ತುಳಿಯೋದು ಹೇಳಿಕೊಡ್ತೀರಾ?"

"ನಿನ್ನ ಮೆಷಿನ್ ಮೂವತ್ತು ವರ್ಷದಲ್ಲಿ ಒಂದು ಅಡಿಯಾದ್ರೂ ಮುಂದೆ ಹೋಗಿದೆಯೇನೇ?"

ಮಾತು ಹರಿತವಾಯಿತೇನೋ ಎಂದು ಇನ್ಸ್‌ಪೆಕ್ಟರಿಗೂ ಅನಿಸಿತು. ಆದರೆ ಅವರ ಸಂಕಟ ಬೇರೆಯೇ ಇತ್ತು. ಮೂರು ತಿಂಗಳ ಹಿಂದೆ ಮಂಡಿನೋವೆಂದು ನಾಲ್ಕು ದಿನ ರಜೆ ಹಾಕಿದ್ದಷ್ಟೇ; ಸಾಹೇಬರು ಕರೆದು, "ಇನ್ನು ಅಂಗಡಿ ಅಂಗಡಿ ಸುತ್ತೋದು ಸಾಕು, ಆಫೀಸಲ್ಲೇ ಕೂತು ಸೀಲು ಒತ್ಕೊಂಡಿರಿ" ಎಂದಿದ್ದರು. ಸಿಂಹವನ್ನು ಕರೆದು ಬಾಗಿಲು ಕಾಯಲು ಹೇಳಿದಂತಾಗಿತ್ತು. ಇಷ್ಟು ದಿನ ಮುಂದೂಡಿದ್ದಾಯಿತು; ಒಪ್ಪಿಗೆಯೋ ಇಲ್ಲವೋ ಎಂದು ಸೋಮವಾರ ಹೇಳಲೇಬೇಕಿತ್ತು. ಈ ಭಾನುವಾರ ಇಡೀ ದಿನ ಸೈಕಲ್ ತುಳಿದು, ಕಾಲು ಇನ್ನೂ ತಮ್ಮ ಮಾತು ಕೇಳುತ್ತದೆ ಎಂದು ತಮಗೇ ಖಾತ್ರಿ ಮಾಡಿಕೊಳ್ಳಬೇಕಿತ್ತು.

ದಾರಿಯೇನೋ ಸೊಗಸಾಗಿತ್ತು. ಎರಡೂ ಕಡೆ ಹೊಲ, ಅಲ್ಲೊಂದು ಇಲ್ಲೊಂದು ಮರ, ಗಂಟೆಗೊಂದು ಲಾರಿ. ಹೆಂಡತಿ ಹಕ್ಕಿ ತೋರಿಸಿದಳು, ಕೆರೆ ತೋರಿಸಿದಳು. ಇನ್ಸ್‌ಪೆಕ್ಟರಿಗೆ ಕಂಡಿದ್ದು ಏರು ಮಾತ್ರ. ಮಂಡಿ ಸಣ್ಣಗೆ ಗೊಣಗಲು ಶುರುಮಾಡಿತ್ತು.

ಮಧ್ಯಾಹ್ನದ ಹೊತ್ತಿಗೆ ದಾರಿ ಬದಿ ಕಲ್ಲಂಗಡಿ ಮಾರುವ ಮುದುಕನೊಬ್ಬ ಸಿಕ್ಕಿದ. ಅವನ ತಕ್ಕಡಿ ಕಂಡದ್ದೇ ತಡ, ಇನ್ಸ್‌ಪೆಕ್ಟರು ರಜೆಯನ್ನೂ ಮರೆತು ಇಳಿದು ಓಡಿದರು. ಕಾಲು ಗಂಟೆ ಎತ್ತಿ, ಇಳಿಸಿ, ಕಣ್ಣು ಕಿರಿದು ಮಾಡಿ ನೋಡಿ, ತಕ್ಕಡಿಯಲ್ಲಿ ಏನೂ ದೋಷವಿಲ್ಲದ್ದಕ್ಕೆ ಸ್ವಲ್ಪ ಬೇಸರಪಟ್ಟು, ಎರಡು ಹೋಳು ತಿಂದು ಮರಳಿದರು.

ಅಲ್ಲಿಂದ ಮುಂದೆ ಪವಾಡವೇ ನಡೆಯಿತು. ಪೆಡಲ್ ಹೂವಿನಷ್ಟು ಹಗುರ! ಕಾಲಿಟ್ಟರೆ ಸಾಕು, ಗಿರ್ರನೆ ತಿರುಗುತ್ತಿತ್ತು. ಮಂಡಿನೋವು ಮಾಯ. ಇನ್ಸ್‌ಪೆಕ್ಟರು ಎದೆಯುಬ್ಬಿಸಿ ಹಳೆಯ ಹಾಡೊಂದನ್ನು ಗಟ್ಟಿಯಾಗಿ ಹಾಡತೊಡಗಿದರು. ರಾಗಕ್ಕೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ, ಆದರೂ ಹಾಡಿದರು.

"ನೋಡಿದೆಯಾ? ಮೈ ಬಿಸಿಯಾಗೋವರೆಗೆ ಅಷ್ಟೇ ಕಷ್ಟ! ಈಗ ಒಂದು ಪರೀಕ್ಷೆ ಮಾಡೋಣ. ನೀನು ಕಾಲು ಎತ್ತಿಬಿಡು."

"ಎತ್ತಿದೆ," ಎಂದಳು ಹೆಂಡತಿ, ಸ್ವಲ್ಪ ಏದುತ್ತಾ.

ಸೈಕಲ್ ಅದೇ ವೇಗದಲ್ಲಿ ಏರು ಹತ್ತುತ್ತಲೇ ಇತ್ತು.

"ಸಿಕ್ಕಿಬಿದ್ದೆ! ನೀನು ತುಳಿದ್ರೂ ಒಂದೇ, ಬಿಟ್ರೂ ಒಂದೇ. ಅಂದ್ರೆ ಬೆಳಗಿನಿಂದ ತುಳಿದವನು ನಾನೊಬ್ಬನೇ!"

ಏರಿನ ತುದಿಯಲ್ಲಿ ನಿಂತು ಅವರು ಸಾಹೇಬರಿಗೆ ಫೋನ್ ಹಚ್ಚಿಯೇಬಿಟ್ಟರು. ಹೆಂಡತಿ, "ರೀ, ಒಂದ್ನಿಮಿಷ..." ಎಂದದ್ದು ಅವರ ಕಿವಿಗೆ ಬೀಳಲಿಲ್ಲ. "ಸಾರ್, ಕುರ್ಚಿ ಬೇರೆಯವರಿಗೆ ಕೊಡಿ. ನಲವತ್ತು ಕಿಲೋಮೀಟರ್ ತುಳಿದಿದ್ದೀನಿ ಸಾರ್, ಹಿಂದೆ ಹೆಂಡತಿಯನ್ನ ಕೂರಿಸಿಕೊಂಡು!"

ಸಂಜೆ ಸೈಕಲ್ ಒಪ್ಪಿಸಲು ಹೋದಾಗ ಅಂಗಡಿಯ ಹೆಂಗಸು ಬಗ್ಗಿ ನೋಡಿ, ಮುಂದಿನ ಪೆಡಲನ್ನು ಬೆರಳಿನಿಂದ ತಳ್ಳಿದಳು. ಅದು ಗಿರ್ರನೆ ಒಂದೇ ಸಮ ತಿರುಗಿತು.

"ಇದೇನ್ ಸಾರ್? ಮುಂದಿನ ಪೆಡಲಿಗೆ ಚೈನೇ ಇಲ್ವಲ್ಲ! ಇದನ್ನ ತುಳಿದ್ರೆ ಗಾಳಿ ತುಳಿದ ಹಾಗೆ."

ಹೆಂಡತಿ ತನ್ನ ಚೀಲದಿಂದ ಕಾಗದದಲ್ಲಿ ಸುತ್ತಿದ್ದ ಚೈನನ್ನು ತೆಗೆದು ಮೆಲ್ಲಗೆ ಮೇಜಿನ ಮೇಲಿಟ್ಟಳು. "ನೀವು ತಕ್ಕಡಿ ನೋಡೋಕೆ ಹೋದಾಗ ನೋಡಿದೆ, ಕಳಚಿ ನೇತಾಡ್ತಿತ್ತು. ಬೆಳಗ್ಗೆ ಸಡಿಲ ಮಾಡಿದ್ರಲ್ಲ, ಹಾಕಿದ್ರೂ ನಿಲ್ಲಲಿಲ್ಲ."

ಇನ್ಸ್‌ಪೆಕ್ಟರ ಮುಖದಲ್ಲಿ ಲೆಕ್ಕ ನಿಧಾನವಾಗಿ ಕೂಡಿತು. "ಹಾಗಾದ್ರೆ ಆ ಏರು... ನೀನೊಬ್ಬಳೇ?"

"ಹೂಂ."

"ಹೇಳೋದಲ್ವೇನೇ!"

"ಹೇಳೋಣ ಅಂತಲೇ ಬಾಯಿ ತೆಗೆದೆ. ಅಷ್ಟರಲ್ಲಿ ನೀವು ಹಾಡೋಕೆ ಶುರು ಮಾಡಿದ್ರಿ. ಮೂರು ತಿಂಗಳಾಗಿತ್ತು ನೀವು ನಗುನಗ್ತಾ ಇದ್ದದ್ದು ನೋಡಿ. ಮನಸ್ಸು ಬರಲಿಲ್ಲ ಕಣ್ರೀ."

ಇಪ್ಪತ್ತಾರು ವರ್ಷದಲ್ಲಿ ಈಕೆ ಇನ್ನೂ ಎಷ್ಟು ಏರುಗಳನ್ನು ಹೀಗೆ ಸದ್ದಿಲ್ಲದೆ ಹತ್ತಿಸಿದ್ದಾಳೋ ಎಂದು ಯೋಚಿಸಿದರೆ ಇನ್ಸ್‌ಪೆಕ್ಟರಿಗೆ ಕಣ್ಣು ತುಂಬಿ ಬಂತು. ಏನಾದರೂ ಒಳ್ಳೆಯ ಮಾತು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಫೋನ್ ಬಡಿದುಕೊಂಡಿತು. ಸಾಹೇಬರು.

"ಭೇಷ್ ಕಣ್ರೀ! ನಿಮ್ಮ ವಿಷಯ ಮೇಲಿನವರಿಗೂ ಹೇಳಿಬಿಟ್ಟೆ. ಗುಡ್ಡದ ಮೇಲಿನ ಏಳು ಹಳ್ಳಿಗೆ ಹೋಗೋಕೆ ಯಾರೂ ಒಪ್ತಿರಲಿಲ್ಲ, ಇನ್ನು ಅವು ನಿಮ್ಮವು. ಬುಧವಾರದಿಂದಲೇ ಶುರು. ಜೀಪು ಬೇಡ, ಸೈಕಲ್ಲೇ ಸಾಕು ಅಂತಲೂ ಬರೆದು ಕಳಿಸಿದ್ದೀನಿ. ಖುಷಿ ತಾನೇ?"

"ಬಹಳ... ಬಹಳ ಖುಷಿ ಸಾರ್," ಎಂದ ಇನ್ಸ್‌ಪೆಕ್ಟರು ಫೋನನ್ನು ಅಂಗೈಯಿಂದ ಮುಚ್ಚಿ, ಹೆಂಡತಿಯ ಕಡೆ ತಿರುಗಿ, ಹಿಂದೆಂದೂ ಬಳಸದ ಮೆತ್ತನೆಯ ದನಿಯಲ್ಲಿ ಕೇಳಿದರು:

"ಬುಧವಾರ ನಿನಗೆ ಹೊಲಿಗೆ ಕೆಲಸ ಜಾಸ್ತಿ ಇದೆಯೇನೇ?"