ಕಪಿಲೆಯ ಇಳಿಜಾರಿನಲ್ಲಿ ದೋಣಿಯ ಇಂಜಿನು

ಹೊಟ್ಟೆಕಿಚ್ಚುಗಳಲ್ಲಿ ಹಲವು ಬಗೆ ಉಂಟು. ದಿವಾನರ ಸಾರೋಟು ಕಂಡು ಕರುಬುವುದು ಮೊದಲನೆಯ ಬಗೆ. ಸಾರೋಟು ತಿರುವು ದಾಟಿದೊಡನೆ ಅದು ಮರೆತುಹೋಗುತ್ತದೆ. ಷಡ್ಡಕನ ಮೇಲಿನದು ಹಾಗಲ್ಲ. ಒಂದೇ ಮನೆಯ ಹೆಣ್ಣುಮಕ್ಕಳನ್ನು ಕಟ್ಟಿಕೊಂಡ ಇಬ್ಬರು ಮಾವನ ಮನೆಯಲ್ಲಿ ಒಂದೇ ಸಾಲಿಗೆ ಕೂತರೆ, ತಮ್ಮ ಎಲೆಗಿಂತ ಮುಂಚೆ ಪಕ್ಕದ ಎಲೆಯ ಹೋಳಿಗೆ ಎಣಿಸುತ್ತಾರೆ. ಎಲ್ಲರೂ ಎಣಿಸುತ್ತಾರೋ ಇಲ್ಲವೋ ಕಾಣೆ, ನಾನು ಎಣಿಸಿದ್ದೇನೆ. ವೀರಣ್ಣನ ಎಲೆಯಲ್ಲಿ ಯಾವಾಗಲೂ ಒಂದು ಹೆಚ್ಚು.

ವೀರಣ್ಣ ನನ್ನ ಹೆಂಡತಿಯ ಅಕ್ಕನ ಗಂಡ. ಮೊಳಕಾಲ್ಮೂರಿನಲ್ಲಿ ನಾಲ್ಕು ರೇಷ್ಮೆ ಮಗ್ಗ ಇಟ್ಟುಕೊಂಡವನು. ದಿನಕ್ಕೆ ಹತ್ತು ಮಾತು ಆಡಿದರೆ ಅದೇ ಹೆಚ್ಚು. ನಾನು ಚಳ್ಳಕೆರೆಯವನು, ಮೈಸೂರಿನ ಕಾಲೇಜಿನ ಚರ್ಚಾಕೂಟದಲ್ಲಿ ಬಹುಮಾನ ಗೆದ್ದವನು. ದೇವರಿಲ್ಲವೆಂದು ಒಂದು ಸಂಜೆ, ಇದ್ದಾನೆಂದು ಮಾರನೆಯ ಸಂಜೆ ಸಾಧಿಸಿ ಎರಡು ಸಲವೂ ಚಪ್ಪಾಳೆ ಗಿಟ್ಟಿಸಿದ್ದೇನೆ. ನಮ್ಮ ಸೀಮೆಯಲ್ಲಿ ಈ ವಿದ್ಯೆಗೆ ಬೆಲೆಯಿಲ್ಲ. "ನನ್ನ ಮಗನಿಗೆ ಬಾಯಿ ಐತೆ, ಕೈ ಇಲ್ಲ" ಎಂದು ನಮ್ಮವ್ವನೇ ಸಾರಿಕೊಂಡು ಬರುತ್ತಾಳೆ.

ಸಿದ್ದಾಪುರದಲ್ಲಿ ನಮ್ಮ ಮಾವನವರಿಗೆ ಬಾಳೆ, ಮೆಣಸಿನಕಾಯಿಯ ತೋಟವಿದೆ. ಬಾವಿಯಿಂದ ನೀರೆತ್ತಲು ಕಪಿಲೆ: ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆಲ್ಲ ಚರ್ಮದ ಚೀಲ ಮೇಲೆ ಬರುತ್ತದೆ. ಹೋದ ಯುಗಾದಿಗೆ ಹೋದವನು ಮೂರು ದಿನ ವಾದಿಸಿದೆ. ಎತ್ತು ತಿನ್ನುತ್ತದೆ, ನಿದ್ದೆ ಮಾಡುತ್ತದೆ, ಮುದಿಯಾಗುತ್ತದೆ. ಇಂಜಿನಿಗೆ ಈ ಮೂರು ದೋಷಗಳೂ ಇಲ್ಲ. ಮಾವನವರು ಸೋತರು. ಕರಾವಳಿಯಲ್ಲಿ ದೋಣಿ ತಳ್ಳಿ ತಳ್ಳಿ ಮುದಿಯಾಗಿದ್ದ (ನನ್ನ ಮೂರನೆಯ ವಾದ ಅಲ್ಲಿಗೇ ಬಿತ್ತು) ಒಂದು ಸೀಮೆಎಣ್ಣೆಯ ಇಂಜಿನನ್ನು ಗಾಡಿಯ ಮೇಲೆ ಹೇರಿಸಿ ತರಿಸಿದರು. ಮೀನು ನಾರುತ್ತದೆಂದು ಅತ್ತೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆಸಿದರು. ಬಾವಿಗೆ ಹತ್ತಿರವಿರಲೆಂದು ಕಪಿಲೆಯ ಇಳಿಜಾರಿನ ಮೇಲೆಯೇ ಅದನ್ನು ಕೂರಿಸಿದವನು ನಾನು. ನಾಲ್ಕು ದಿನ ಓಡಿತು. ಆ ನಾಲ್ಕು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಐದನೆಯ ಬೆಳಿಗ್ಗೆ ಅದು ಮಾತಾಡಲಿಲ್ಲ.

ಮಾವನವರು ಬಾವಿಯ ಕಟ್ಟೆಯ ಮೇಲೆ ಕೂತು ಹೇಳಿದರು: "ನಿಮ್ಮ ಮಾತು ಕೇಳಿ ತಂದದ್ದು ಕಣ್ರಿ ಇದನ್ನ. ಸಂಜೀತನಕ ನೋಡ್ತೀನಿ. ಆಗ್ಲಿಲ್ಲಾಂದ್ರೆ ನಾಳೆಯಿಂದ ಮತ್ತೆ ಕಪಿಲೆ ಹೂಡ್ತೀನಿ. ನೀವು ಈ ಮನೇಗೆ ಉಣ್ಣಾಕೆ ಬರ್ರಿ, ಬ್ಯಾಡ ಅನ್ನಲ್ಲ. ಬುದ್ಧಿ ಹೇಳಾಕೆ ಮಾತ್ರ ಬರಬ್ಯಾಡ್ರಿ."

ನಾನು ಪಂಚೆ ಎತ್ತಿ ಕಟ್ಟಿದೆ. ಇಂಜಿನು ಓಡಲು ಮೂರು ಬೇಕು: ಕಾವು, ಗಾಳಿ, ಎಣ್ಣೆ. ಅದರ ತಲೆಗೆ ದೀಪ ಹಿಡಿದು ಕಾಯಿಸಿದೆ, ಕಾವು ಸಿದ್ಧವಾಯಿತು. ಗಾಳಿಯ ಬಾಯಿಗೆ ಅಂಗೈ ಇಟ್ಟು ನೋಡಿದೆ, ಗಾಳಿ ಸಿದ್ಧವಾಯಿತು. ತೊಟ್ಟಿಯ ಮುಚ್ಚಳ ತೆಗೆದು ಕಡ್ಡಿ ಇಳಿಸಿದೆ. ಅರ್ಧ ತೊಟ್ಟಿ ಎಣ್ಣೆ, ಅಲ್ಲಿಗೆ ಎಣ್ಣೆಯೂ ಸಿದ್ಧವಾಯಿತು. ಇಂಜಿನು ಓಡಲೇಬೇಕೆಂದು ಸಿದ್ಧವಾಯಿತು. ಓಡಲಿಲ್ಲ. ಚಕ್ರ ತಿರುವಿ ತಿರುವಿ ನನ್ನ ರಟ್ಟೆ ಸೋತಿತು. ಕಪಿಲೆ ಹೊಡೆಯುತ್ತಿದ್ದ ಓಬಣ್ಣ ಕೈಕಟ್ಟಿ ನಿಂತು, "ಎತ್ತಾದ್ರೆ ಬಾಲ ತಿರುವಿದ್ರೆ ಏಳ್ತೈತೆ ಸ್ವಾಮಿ. ಇದಕ್ಕೆ ಬಾಲ ಎಲ್ಲೈತೆ?" ಎಂದ.

ಇಷ್ಟು ಹೊತ್ತಿಗೆ ಹೆಂಡತಿಯನ್ನು ತವರಿಗೆ ಬಿಡಲು ವೀರಣ್ಣ ಬಂದ. ಬಿಳಿ ಅಂಗಿ, ಬಾಯಲ್ಲಿ ಎಲೆಯಡಿಕೆ. ನಾನು ಕಾವು, ಗಾಳಿ, ಎಣ್ಣೆಗಳನ್ನು ಕ್ರಮವಾಗಿ ವಿವರಿಸಿದೆ. ಎಲ್ಲ ಕೇಳಿ, ಎಲೆಯಡಿಕೆ ಉಗಿದು ಬಂದು ನಿಂತ.

"ಲೇ ತಮ್ಮಾ, ಇದನ್ನ ಯಾಕೋ ಇಂಗೆ ಓರೆಯಾಗಿ ಕೂರಿಸೀಯ?"

"ಓರೆಯಾದರೇನಣ್ಣ? ಅರ್ಧ ತೊಟ್ಟಿ ಎಣ್ಣೆ ಇದೆ."

"ಮಗ್ಗದ ಮುಂದಿನ ದೀಪ ಓರೆಯಾದ್ರೆ ಎಣ್ಣೆ ಇದ್ದಂಗೇ ಆರೋಗ್ತೈತೆ."

"ದೀಪಕ್ಕೂ ಇಂಜಿನಿಗೂ ಹೋಲಿಕೆ ಸಲ್ಲದು" ಎಂದೆ. ವೀರಣ್ಣ ನನಗೆ ಬೆನ್ನು ಹಾಕಿ ತೊಟ್ಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಚರ್ಚಾಕೂಟದಲ್ಲಿ ಹೀಗೆ ಯಾರೂ ನನಗೆ ಅವಮಾನ ಮಾಡಿರಲಿಲ್ಲ.

ತೊಟ್ಟಿಯಿಂದ ಎಣ್ಣೆ ಇಳಿಯುವ ಕೊಳವೆ ಬಾವಿಯ ಕಡೆಯ ತುದಿಯಲ್ಲಿತ್ತು; ಆ ತುದಿ ಎತ್ತರದಲ್ಲಿತ್ತು. ಎಣ್ಣೆಯೆಲ್ಲ ತಗ್ಗಿನ ಮೂಲೆಗೆ ಹೋಗಿ ಕೂತಿತ್ತು. ತೊಟ್ಟಿ ತುಂಬಿದ್ದಾಗ ಇದು ಯಾರಿಗೂ ಗೊತ್ತಾಗಿರಲಿಲ್ಲ. ವೀರಣ್ಣ ಒಂದು ಚಪ್ಪಡಿ ಕಲ್ಲನ್ನು ತೊಟ್ಟಿಯ ತಗ್ಗಿನ ತುದಿಯ ಅಡಿಗೆ ಸರಿಸಿದ, ಕೊಳವೆ ಸಡಿಲಿಸಿ ಒಳಗಿದ್ದ ಗಾಳಿ ಬಿಟ್ಟ, ಬಿಗಿದ, ಚಕ್ರ ತಿರುವಿದ. ಡುಗ್, ಡುಗ್, ಡುಗ್! ಅಂಗಿಗೆ ಒಂದು ಹನಿ ಎಣ್ಣೆಯೂ ಸಿಡಿಯಲಿಲ್ಲ.

ನ್ಯಾಯವಾಗಿ ನೋಡಿದರೆ ಗೆದ್ದವನು ನಾನು. ಇಂಜಿನು ಉಳಿಯಿತು, ನನ್ನ ವಾದ ಉಳಿಯಿತು. ಆದರೆ ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಇಂಜಿನನ್ನೇ ದುರುಗುಟ್ಟಿ ನೋಡುತ್ತ 'ನಿಲ್ಲು, ಒಂದೇ ಸಲ ನಿಲ್ಲು' ಎಂದು ಬೇಡುತ್ತಿದ್ದೆ. ಮಾವನವರು ವೀರಣ್ಣನ ಹೆಗಲ ಮೇಲೆ ಕೈಯಿಟ್ಟರು. ನನ್ನ ಹೆಂಡತಿ ಹತ್ತಿರ ಬಂದು, "ನೋಡಿದ್ರಾ, ಭಾವ ಒಂದು ಮಾತೂ ಹೆಚ್ಚಿಗೆ ಆಡ್ಲಿಲ್ಲ" ಎಂದಳು. ನಾನು ವೀರಣ್ಣನ ಬಿಳಿ ಅಂಗಿಯನ್ನೇ ನೋಡುತ್ತಿದ್ದೆ.

ನಾವು ಮನೆಗೆ ಬಂದೊಡನೆ ಅತ್ತೆ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. "ಕುಂತ್ಕಳಪ್ಪ ವೀರಣ್ಣ, ನಾಕು ಜನದ ಕಣ್ಣು ಬಿದ್ದೈತೆ" ಎಂದು ಮೂರು ಸಲ ನಿವಾಳಿಸಿ ಅಂಗಳದ ಕೆಂಡಕ್ಕೆ ಹಾಕಿದರು. ಘಾಟು ಬಂದರೆ ದೃಷ್ಟಿಯಾಗಿಲ್ಲ. ಬಾರದಿದ್ದರೆ ಭಾರೀ ದೃಷ್ಟಿ. ಇದು ನಮ್ಮ ಕಡೆಯ ಶಾಸ್ತ್ರ. ಈ ಶಾಸ್ತ್ರವನ್ನು ಖಂಡಿಸಿ ನಾನು ಅದೇ ಮನೆಯಲ್ಲಿ ಎರಡು ಸಲ ಭಾಷಣ ಮಾಡಿದ್ದೇನೆ.

ಯಾರೂ ಕೆಮ್ಮಲಿಲ್ಲ. "ಅಯ್ಯೋ ಶಿವನೇ, ಘಾಟೇ ಇಲ್ಲ! ಎಂಥ ಕಣ್ಣೋ ಅದು, ಕಲ್ಲೂ ಸೀಳ್ತಿತ್ತು!" ಎಂದು ಅತ್ತೆ ಬೆಚ್ಚಿದರು.

ಕಾರಣ ಸರಳ. ಗಾಳಿ ಪಡುವಣದಿಂದ ಬೀಸುತ್ತಿತ್ತು. ಮೂಡಣದ ಗೋಡೆಗೆ ಒರಗಿ ಒಬ್ಬನೇ ನಿಂತಿದ್ದ ನನ್ನ ಗಂಟಲಿಗೆ ಅಷ್ಟೂ ಘಾಟು ಬಂದು ನಿಂತಿತ್ತು. ಒಂದು ಸಲ ಕೆಮ್ಮಿದ್ದರೆ ಸಾಕಿತ್ತು, ದೃಷ್ಟಿಯೆಂಬ ಮೂಢನಂಬಿಕೆ ಆ ಮನೆಯಿಂದ ತೊಲಗುತ್ತಿತ್ತು. ಆದರೆ ಬೆಳಿಗ್ಗೆಯಿಂದ ಆ ಮನೆಯಲ್ಲಿ ನನ್ನ ಶಕ್ತಿಯನ್ನು ಯಾರಾದರೂ ಒಪ್ಪಿಕೊಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರು ತುಂಬಿಕೊಂಡು ಕೆಮ್ಮು ನುಂಗಿದೆ.