ಗ್ರೀಕರ ಪಿತಾ, ಸಿಲ್ವೆಸ್ಟರರ ಪಿತ್ತ

“ಇಡೀ ಉಡುಪಿ ಸುತ್ತುತ್ತೇನೆ, ಮಣಿಪಾಲ ಸುತ್ತುತ್ತೇನೆ! ಒಂದೊಂದು ಬೇಕರಿಯವನ ಬಾಯಿಂದಲೂ ‘ಇಲ್ಲ’ ಅಂತ ಹೇಳಿಸಿಕೊಂಡು ಬರ್ತೇನೆ! ಆಮೇಲೆ ಉಂಟು ನಿನಗೆ!”

ಎಂಬತ್ತಮೂರನೆಯ ಇಸವಿಯ ಒಂದು ಭಾನುವಾರ ಕಾಪುವಿನ ತಮ್ಮ ಮನೆಯಲ್ಲಿ ಸಿಲ್ವೆಸ್ಟರ್ ಕ್ವಾಡ್ರಸ್ ಹೀಗೆ ಘರ್ಜಿಸಿ ಊಟದ ಮೇಜಿಗೆ ಗುದ್ದಿದಾಗ, ಸಾರಿನ ಪಾತ್ರೆ ಗೇಣುದ್ದ ಹಾರಿ ಅವರ ಭಾವಮೈದುನ ವಿಲ್ಫ್ರೆಡ್‌ನ ಹೊಸ ಟೆರಿಕಾಟ್ ಪ್ಯಾಂಟಿನ ಮೇಲೆ ಕವುಚಿತು.

ಸಿಟ್ಟಿಗೆ ಕಾರಣ ಒಂದು ತಿಂಡಿ. ಸಿಲ್ವೆಸ್ಟರ್ ಗ್ರೀಕರ ಸರಕು ಹಡಗಿನಲ್ಲಿ ಸ್ಟೀವರ್ಡ್ ಆಗಿ ದುಡಿದು ಊರಿಗೆ ಮರಳಿದವರು. ಬರುವಾಗ ಅವರು ತಂದದ್ದು ಎರಡು: ಒಂದು ಟೇಪ್‌ರೆಕಾರ್ಡರ್, ಒಂದು ವರ್ಣನೆ. ಟೇಪ್‌ರೆಕಾರ್ಡರ್ ಉಪ್ಪುಗಾಳಿಗೆ ಬೇಗ ಕೆಟ್ಟಿತು. ವರ್ಣನೆ ಕೆಡಲಿಲ್ಲ. ಪಿರೇಯಸ್ ಬಂದರಿನ ಚೀಸ್ ಪೈ! ಗ್ರೀಕರು ಅದನ್ನು ತಿರೋಪಿತಾ ಎನ್ನುತ್ತಾರೆ; ಪಿತಾ ಎಂದರೆ ಪೈ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಿಟ್ಟಿನ ಪದರಗಳು, ನಡುವೆ ಉಪ್ಪುಪ್ಪಾದ ಬಿಳಿ ಚೀಸ್, ಕಚ್ಚಿದರೆ ಹಬೆ! ನೆಂಟರು ಬಾಯಿ ಬಿಟ್ಟು ಕೇಳುತ್ತಿದ್ದರು. ಕಾಪುವಿನಲ್ಲಿ ಆ ಪೈ ತಿಂದವನು ತಾನೊಬ್ಬನೇ ಎಂಬುದರ ಮೇಲೆ ಅವರ ಮಾನ ಮರ್ಯಾದೆಯೆಲ್ಲ ನಿಂತಿತ್ತು.

ಅಂಥ ಪೈಯ ವರ್ಣನೆ ನಡುದಾರಿಗೆ ಬಂದಿದ್ದಾಗ, ಮಣಿಪಾಲದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ವಿಲ್ಫ್ರೆಡ್ ಇಡ್ಲಿಯಂಥ ಸನ್ನ ಮುರಿಯುತ್ತ, “ಅದೆಂತ ಮಹಾ ಭಾವೋಜಿ? ಮಣಿಪಾಲದಲ್ಲಿ ಸಿಕ್ತದೆ,” ಎಂದುಬಿಟ್ಟ.

“ಮಣಿಪಾಲದಲ್ಲಿ ಎಲ್ಲಿ?”

“ಎಲ್ಲಾದರೂ ಸಿಕ್ತದೆ. ಮಣಿಪಾಲದಲ್ಲಿ ಎಂತ ಸಿಗುವುದಿಲ್ಲ?”

ಸಾರು ಹಾರಿದ್ದು ಆಗ. ಅದರ ಹಿಂದೆಯೇ ಸಿಲ್ವೆಸ್ಟರರ ಶಪಥವೂ ಹಾರಿತು. “ನೀನು ಹೇಳಿದ್ದು ಸುಳ್ಳು ಅಂತ ಒಪ್ಪದಿದ್ದರೆ ನಿನ್ನ ಮಗಳ ಮದುವೆಗೆ ನಾನು ಕಾಲಿಡುವುದಿಲ್ಲ! ತೋಸ್ತ್ ಹೇಳಲಿಕ್ಕೆ ಬೇರೆ ಜನ ನೋಡು!”

ವಿಲ್ಫ್ರೆಡ್‌ನ ಮಗಳು ಆಂಜೆಲಾಳ ಮದುವೆಗೆ ಉಳಿದಿದ್ದದ್ದು ಒಂದೇ ವಾರ. ಗ್ಲಾಸು ಎತ್ತಿ ಮದುಮಕ್ಕಳಿಗೆ ಶುಭ ಕೋರುವ ತೋಸ್ತ್ ಸಿಲ್ವೆಸ್ಟರರದ್ದೆಂದು ಕಾಗದ ಅಚ್ಚಾಗಿತ್ತು. ಅತ್ತ ಸಿಲ್ವೆಸ್ಟರರ ಹೆಂಡತಿ, ಇತ್ತ ವಿಲ್ಫ್ರೆಡ್‌ನ ಅಕ್ಕ ಎರಡೂ ಆಗಿದ್ದ ಗ್ಲ್ಯಾಡಿಸ್ ಬಾಯಿ ಮೇಜು ಒರೆಸುತ್ತ ತಣ್ಣಗೆ ಹೇಳಿದರು: “ನೀವು ಬರದಿದ್ದರೆ ಬೇಡ. ನಾನು ಹೋಗ್ತೇನೆ. ಹೋದವಳು ವಾಪಸ್ ಬರ್ತೇನೆ ಅಂತ ಮಾತ್ರ ಗ್ಯಾರಂಟಿ ಇಲ್ಲ.”

ಸೋಮವಾರ ಬೆಳಿಗ್ಗೆ ಸಿಲ್ವೆಸ್ಟರ್ ಹಡಗಿನ ಕಾಲದ ಬಿಳಿ ಪ್ಯಾಂಟು ತೊಟ್ಟು ದಂಡಯಾತ್ರೆ ಹೊರಟರು. ಲೋಕದಲ್ಲಿ ತಿಂಡಿ ಹುಡುಕಿಕೊಂಡು ಹೋದವರು ಎಷ್ಟೋ ಜನ. ತಿಂಡಿ ಸಿಗದಿರಲಿ ಎಂದು ಹುಡುಕಿಕೊಂಡು ಹೋದವರು ಇವರೊಬ್ಬರೇ ಇರಬೇಕು!

ಉಡುಪಿಯ ಮೊದಲ ಬೇಕರಿ.

“ತಿರೋಪಿತಾ ಉಂಟಾ?”

“ತಿರುಪತಿಯದ್ದಾ? ಲಾಡು ಉಂಟು. ಆದರೆ ಅದು ಇಲ್ಲಿಯೇ ಮಾಡಿದ್ದು.”

“ತಿರುಪತಿ ಅಲ್ಲ! ಗ್ರೀಕ್ ಚೀಸ್ ಪೈ! ಇಲ್ಲ ಅಲ್ವಾ? ಇಲ್ಲ ಅಂತ ಬಾಯಿ ಬಿಟ್ಟು ಹೇಳಿ!”

ಅಂಗಡಿಯವನ ಮುಖ ಬಾಡಿತು. “ಇನ್ನೂ ಬೋಣಿ ಆಗಲಿಲ್ಲ ಮಾರಾಯ್ರೇ. ಬೆಳಿಗ್ಗೆ ಬೆಳಿಗ್ಗೆ ಇಲ್ಲ ಅಂತ ಹೇಗೆ ಹೇಳುವುದು? ಮೊನ್ನೆ ಇತ್ತು. ನಾಳೆ ಬಂದರೂ ಬಂತು. ಇವತ್ತಿಗೆ ಇದು ತಿನ್ನಿ.” ಸಿಲ್ವೆಸ್ಟರ್ ಬಾಯಿ ತೆರೆಯುವ ಮೊದಲೇ ಮೊಟ್ಟೆ ಪಫ್ಸ್ ಪೊಟ್ಟಣವಾಗಿ ಅವರ ಕೈಗೆ ಬಂತು.

ಎರಡನೆಯವನು ತೆಂಗಿನಕಾಯಿ ಬನ್ನು ತೋರಿಸಿ, “ಇದೇ ಅದು. ಅಲ್ಲಿಯವರು ಹೆಸರು ಬೇರೆ ಇಡ್ತಾರೆ, ಅಷ್ಟೇ,” ಎಂದ. ಮೂರನೆಯವನು, “ನಿಮಗೆ ಯಾವಾಗ ಬೇಕು ಹೇಳಿ, ಮಾಡಿಸುವ,” ಎಂದು ಖಾರಾ ಬಿಸ್ಕತ್ತು ಕಟ್ಟಿದ. ಒಂದೇ ಒಂದು ‘ಇಲ್ಲ’ಕ್ಕೆ ಇಡೀ ಊರಿನಲ್ಲಿ ಇಷ್ಟು ಬರಗಾಲವೇ! ಪಿತಾ ಇಲ್ಲವೆನ್ನುವವರು ಸಿಗದೆ ಸಿಲ್ವೆಸ್ಟರರ ಪಿತ್ತ ನೆತ್ತಿಗೇರಿತು.

ಮಣಿಪಾಲದ ಬೇಕರಿಯಲ್ಲಿ ಅವರು ನೇರವಾಗಿ ಗುಡುಗಿದರು. “ಗ್ರೀಕ್ ಪೈ ಉಂಟಾ ಇಲ್ವಾ? ಒಂದೇ ಮಾತಿನಲ್ಲಿ ಹೇಳಿ!”

ಗಲ್ಲಾದಲ್ಲಿದ್ದವನು ಹೆದರಿ ಎದ್ದು ನಿಂತ. “ಇದ್ದಾರೆ ಇದ್ದಾರೆ. ಊಟ ಮಾಡ್ತಾ ಇದ್ದಾರೆ. ಕರೀತೇನೆ.”

ಎರಡು ನಿಮಿಷದಲ್ಲಿ, ಮೊಸರನ್ನದ ಕೈಯನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಒಬ್ಬ ದಪ್ಪ ಮನುಷ್ಯರು ಹೊರಗೆ ಬಂದರು. “ನಾನೇ ಗಿರೀಶ್ ಪೈ. ಎಂತ ಗಲಾಟೆ?”

“ನೀವಲ್ಲ! ನನಗೆ ತಿನ್ನುವ ಪೈ!”

“ಊಟದ ನಡುವೆ ಎಬ್ಬಿಸಿದ್ದು ಸಾಲದೆಂದು ತಿನ್ನುತ್ತೀರಾ?” ಗಿರೀಶ್ ಪೈಯವರ ಪಿತ್ತವೇನೂ ಕಡಿಮೆಯದ್ದಲ್ಲ. ಹತ್ತು ನಿಮಿಷ ಇಬ್ಬರೂ ಬೊಬ್ಬೆ ಹೊಡೆದರು. ಕೊನೆಗೆ ಪೈಯವರೇ ಸೋತು, “ಕೋಪದಲ್ಲಿ ಬಂದ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದವ ನಾನಲ್ಲ,” ಎಂದು ಒಂದು ಕೇಕನ್ನು ಎಡಗೈಯಿಂದ ತಳ್ಳಿದರು. ಆಗಲೂ ‘ಇಲ್ಲ’ ಎನ್ನಲಿಲ್ಲ!

ಈ ಊರೇ ಬೇಡವೆಂದು ಸಿಲ್ವೆಸ್ಟರ್ ಎದುರು ಸಿಕ್ಕಿದ ಬಸ್ಸು ಹತ್ತಿದರು. ಅದು ಕಾರ್ಕಳದ ಬಸ್ಸೆಂದು ತಿಳಿದದ್ದು ಕಂಡಕ್ಟರನ ಜೊತೆ ಜಗಳವಾದ ಮೇಲೆ. ತಿರುವುಗಳಲ್ಲಿ ಪೊಟ್ಟಣಗಳೆಲ್ಲ ಮಡಿಲಲ್ಲಿ ಮುದ್ದೆಯಾಗಿ, ಇಳಿಯುವಾಗ ಬಿಳಿ ಪ್ಯಾಂಟು ಅಪ್ಪಟ ಡಾಲ್ಡಾ ಆಗಿತ್ತು.

ಕಾರ್ಕಳದ ಬಸ್‌ಸ್ಟ್ಯಾಂಡಿನ ಬಳಿ ಕುಂಞಾಲಿ ಎಂಬವರ ಚಿಕ್ಕ ಬೇಕರಿ. ಸೋಡಾ ಕುಡಿದು, ಗಂಟಲು ಬಿದ್ದುಹೋಗಿದ್ದ ಸಿಲ್ವೆಸ್ಟರ್ ಮೆಲ್ಲಗೆ ಕೇಳಿದರು: “ತಿರೋಪಿತಾ... ಚೀಸ್ ಪೈ... ಇಲ್ಲ ಅಲ್ವಾ?”

“ಇಲ್ಲ,” ಎಂದರು ಕುಂಞಾಲಿ.

ಆಹಾ! ಸಿಲ್ವೆಸ್ಟರ್ ಅವರ ಎರಡೂ ಕೈ ಹಿಡಿದು ಕುಲುಕಿದರು. “ದೇವರು ನಿಮಗೆ ಒಳ್ಳೆಯದು ಮಾಡಲಿ! ನೀವೊಬ್ಬರು ಮನುಷ್ಯರು!”

“ಬೆಳಿಗ್ಗೆಯ ತಟ್ಟೆ ಮುಗಿಯಿತು,” ಎಂದರು ಕುಂಞಾಲಿ ಕೈ ಬಿಡಿಸಿಕೊಳ್ಳುತ್ತ. “ಈಗಿನದ್ದು ಒಲೆಯಲ್ಲಿ ಉಂಟು. ಕೂತುಕೊಳ್ಳಿ.”

ಕುಂಞಾಲಿ ಅಬುಧಾಬಿಯಲ್ಲಿ ಒಬ್ಬ ಗ್ರೀಕನ ಬೇಕರಿಯಲ್ಲಿ ಕೆಲಸ ಮಾಡಿದ್ದವರು. ಅಲ್ಲಿ ಹೆಂಡತಿ ಸಾರಮ್ಮನಿಗೆ ಅದರ ರುಚಿ ಹತ್ತಿತ್ತು. ಅದಕ್ಕೇ ಇಲ್ಲಿಯೂ ಹಾಲು ಒಡೆಸಿ, ಉಪ್ಪುನೀರಿನಲ್ಲಿಟ್ಟು ಚೀಸ್ ಮಾಡಿ ತಿರೋಪಿತಾ ಬೇಯಿಸುತ್ತಿದ್ದರು. ಕಾರ್ಕಳದವರು ಅದನ್ನು ಉಪ್ಪು ಪಫ್ಸ್ ಎಂದು ಕರೆದು ಚಹಾದ ಜೊತೆ ತಿನ್ನುತ್ತಿದ್ದರು.

ಒಲೆಯಿಂದ ಇಡೀ ತಟ್ಟೆ ಬಂತು. ಸಿಲ್ವೆಸ್ಟರ್ ತಪ್ಪು ಹುಡುಕಲೆಂದೇ ಕಚ್ಚಿದರು. ಪದರ ಮುರಿಯಿತು, ಉಪ್ಪು ಚೀಸಿನ ಹಬೆ ಕಣ್ಣಿಗೆ ಬಂತು. ಪಿರೇಯಸ್ ಬಂದರಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ ಹರೆಯದ ದಿನಗಳೆಲ್ಲ ಬಾಯಿಯೊಳಗೆ ಬಂದು ಕೂತವು. ಮರುಕ್ಷಣ ಅವರಿಗೆ ಎಲ್ಲಿಲ್ಲದ ಸಿಟ್ಟು ಬಂತು. ಮಣಿಪಾಲದಲ್ಲಿ ಅಲ್ಲದಿದ್ದರೂ ಕಾರ್ಕಳದಲ್ಲಿ ಸಿಕ್ಕಿತು, ವಿಲ್ಫ್ರೆಡ್ ಅರ್ಧ ಗೆದ್ದನಲ್ಲ!

“ನಾಳೆಯಿಂದ ಇದನ್ನು ಮಾಡಬೇಡಿ! ಮದುವೆ ಮುಗಿಯುವವರೆಗಾದರೂ!”

“ಯಾರ ಮದುವೆ?” ಕುಂಞಾಲಿ ಗಾಬರಿಯಾದರು. “ನನಗೇನೂ ಅಡ್ಡಿ ಇಲ್ಲ. ಒಳಗೆ ಸಾರಮ್ಮ ಇದ್ದಾಳೆ, ಅವಳಿಗೆ ನೀವೇ ಹೇಳಿ.”

ಸಾರಮ್ಮನಿಗೆ ಹೇಳುವ ಧೈರ್ಯ ಸಿಲ್ವೆಸ್ಟರರಿಗೆ ಸಾಲಲಿಲ್ಲ. ಉಳಿದ ದಾರಿ ಒಂದೇ, ಸಾಕ್ಷ್ಯನಾಶ! ಎರಡನೆಯದನ್ನು ಸಿಟ್ಟಿನಿಂದ ತಿಂದರು, ಮೂರನೆಯದನ್ನು ಹಟದಿಂದ. ಮುಂದಿನವನ್ನು ಯಾವ ಕಾರಣವೂ ಇಲ್ಲದೆ ತಿಂದರು. ತಟ್ಟೆ ಖಾಲಿಯಾದಾಗ ಅವರನ್ನು ಬೆಳ್ಮಣ್ ಮಾರ್ಗದ ಬಸ್ಸಿಗೆ ಹತ್ತಿಸಲು ಕುಂಞಾಲಿ ಹಿಂದಿನಿಂದ ತಳ್ಳಬೇಕಾಯಿತು.

ಮುಸ್ಸಂಜೆ ಕಾಪುವಿನ ಮನೆ ತಲುಪಿದರೆ ಜಗಲಿಯಲ್ಲಿ ವಿಲ್ಫ್ರೆಡ್! ತಲೆ ತಗ್ಗಿಸಿ ಎದ್ದು ನಿಂತ. “ಸೋತೆ ಭಾವೋಜಿ. ಬಾಯಿಗೆ ಬಂದದ್ದು ಹೇಳಿದೆ. ಇವತ್ತು ಇಡೀ ಮಣಿಪಾಲ ಸುತ್ತಿದೆ. ಎಲ್ಲಿಯೂ ಇಲ್ಲ. ತಪ್ಪಾಯಿತು, ಮದುವೆಗೆ ಬನ್ನಿ.”

ಗ್ಲ್ಯಾಡಿಸ್ ಬಾಯಿಯ ಮುಖ ಅರಳಿತು. ಸಿಲ್ವೆಸ್ಟರ್ ತಲೆ ಆಡಿಸಿದ್ದರೆ ಸಾಕಿತ್ತು. ಆಡಿಸಲು ಹೊರಟೂ ಇದ್ದರು. ಅಷ್ಟರಲ್ಲಿ ವಿಲ್ಫ್ರೆಡ್ ಇನ್ನೊಂದು ಮಾತು ಸೇರಿಸಿದ: “ನನಗೆ ಈಗ ಅನಿಸುವುದು, ಅಂಥ ತಿಂಡಿ ಗ್ರೀಸಿನಲ್ಲಿಯೂ ಇರಲಿಕ್ಕಿಲ್ಲ.”

“ಎಂತ ಹೇಳಿದೆ?” ಸಿಲ್ವೆಸ್ಟರ್ ಸಿಡಿದರು. “ಇಲ್ವಾ? ಗ್ರೀಸಿಗೆ ಯಾಕೆ ಹೋಗ್ತಿ? ಕಾರ್ಕಳದಲ್ಲಿ ಉಂಟು! ಬಸ್‌ಸ್ಟ್ಯಾಂಡಿನಲ್ಲಿ! ಈಗ ತಿಂದು ಬಂದೆ ನಾನು! ಅಪ್ಪಟ ತಿರೋಪಿತಾ!”

ಹೇಳಿ ಮುಗಿದ ಮೇಲೆ ಏನು ಹೇಳಿದೆನೆಂದು ಅವರಿಗೆ ಗೊತ್ತಾಯಿತು. ಹಿಂದೆಯೇ ಒಂದು ದೀರ್ಘ ತೇಗು ಬಂತು. ಅದು ಸಿಲ್ವೆಸ್ಟರರದ್ದೇ.

“ಎಲ್ಲಿ, ಒಂದು ತೋರಿಸಿ,” ಎಂದ ವಿಲ್ಫ್ರೆಡ್.

“ಇಲ್ಲ,” ಎಂದರು ಸಿಲ್ವೆಸ್ಟರ್. “ಮುಗಿಯಿತು.”

“ಎಷ್ಟಿತ್ತು?”

“ಒಂದು ತಟ್ಟೆ.”

ವಿಲ್ಫ್ರೆಡ್ ನಗು ತಡೆದುಕೊಂಡು ಭಾವನ ಹೆಗಲಿಗೆ ಕೈ ಹಾಕಿದ. “ಸರಿ ಭಾವೋಜಿ. ಮದುವೆಯ ತಿಂಡಿಗೆ ಅದೇ ಆಗಲಿ. ಬೇಕರಿ ನಿಮಗೆ ಮಾತ್ರ ಗೊತ್ತಲ್ಲ, ನೀವೇ ಹೋಗಿ ಇನ್ನೂರು ತರಬೇಕು.”

ಸಿಲ್ವೆಸ್ಟರರ ಎದೆ ಇನ್ನೇನು ಉಬ್ಬಬೇಕು, ಅಷ್ಟರಲ್ಲಿ ಗ್ಲ್ಯಾಡಿಸ್ ಬಾಯಿ ಗಂಡನ ಡಾಲ್ಡಾ ಪ್ಯಾಂಟನ್ನು ಮೇಲಿಂದ ಕೆಳಗೆ ನೋಡಿದರು.

“ಜೊತೆಗೆ ನಾನೂ ಹೋಗ್ತೇನೆ,” ಎಂದರು. “ಇವರೊಬ್ಬರೇ ಹೋದರೆ ಮದುವೆಗೆ ಬರುವುದು ಬರೀ ತಟ್ಟೆ.”